ಹದಿನಾರಕ್ಕೆ ಕಾರಿನ ಕೀಲಿ: ಅಮೆರಿಕದ ಸಣ್ಣ ಊರುಗಳ ಹುಡುಗರು ಒಂದೇ ಬೀದಿಯನ್ನು ಯಾಕೆ ಸುತ್ತುತ್ತಿದ್ದರು?

ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ ಎಬಿ 436 ಅನ್ನುವ ಕಾನೂನು ಜಾರಿಗೆ ಬಂತು. ಕಾರಿನಲ್ಲಿ ಕೂತು ಒಂದೇ ಬೀದಿಯನ್ನು ಮತ್ತೆ ಮತ್ತೆ ಸುತ್ತುವುದನ್ನು ಇನ್ನು ಮುಂದೆ ಯಾವ ಊರಿನ ಆಡಳಿತವೂ ನಿಷೇಧಿಸುವಂತಿಲ್ಲ ಅನ್ನುವುದು ಅದರ ತಿರುಳು. ಸುದ್ದಿ ಬಂದಾಗ ಇಲ್ಲಿರುವ ನಮ್ಮ ಕನ್ನಡದ ಗೆಳೆಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಸುಮ್ನೆ ರಸ್ತೆ ಸುತ್ತೋದನ್ನ ಯಾಕಪ್ಪಾ ತಡೆದಿದ್ದರು? ಈಗ ಬಿಟ್ಟಿದ್ದಕ್ಕೆ ಜನ ಯಾಕೆ ಇಷ್ಟೊಂದು ಖುಷಿ ಪಡುತ್ತಿದ್ದಾರೆ?

ನನಗೆ ಈ ಪ್ರಶ್ನೆ ಮನೆಯೊಳಗೇ ಎದುರಾಯಿತು. ಮಗನಿಗೆ ಹದಿನೈದೂವರೆ ತುಂಬಿತು. ಇಲ್ಲಿ ಅದು ಎಲ್‌ಎಲ್‌ಆರ್ ಪಡೆಯುವ ವಯಸ್ಸು. ನಾನು ಬೆಳೆದದ್ದು ತಿಪಟೂರಿನಲ್ಲಿ. ಆ ವಯಸ್ಸಿನಲ್ಲಿ ನನ್ನ ಹತ್ತಿರ ಇದ್ದದ್ದು ಅಣ್ಣ ಬಿಟ್ಟುಹೋದ ಸೈಕಲ್ಲು. ಕಾರು ಅಂದರೆ ಯಾರದೋ ಮದುವೆಗೆ ಬಾಡಿಗೆಗೆ ಬರುವ ಅಂಬಾಸಿಡರ್. ಹದಿನಾರರ ಹುಡುಗನೊಬ್ಬ ಕಾರು ಕೇಳುವುದು, ಅದನ್ನು ಅಕ್ಕಪಕ್ಕದವರೆಲ್ಲ ಸಹಜ ಅಂದುಕೊಳ್ಳುವುದು ನನಗೆ ಅರ್ಥವಾಗಲು ಇಲ್ಲಿಯ ಹಳೇ ಕಥೆ ತಿಳಿಯಬೇಕಾಯಿತು. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರಿಗೂ, ಊರಲ್ಲಿ ಕೂತು ಮೊಮ್ಮಕ್ಕಳ ಫೋಟೊ ನೋಡುತ್ತಿರುವ ಅಜ್ಜ ಅಜ್ಜಿಯರಿಗೂ ಅದು ಉಪಯೋಗಕ್ಕೆ ಬರಬಹುದು.

ಮೊದಲು ಮೂರು ಪದ

ಇಂಗ್ಲಿಷಿನಲ್ಲಿ ಕ್ರೂಸಿಂಗ್ ಅನ್ನುವುದಕ್ಕೆ ನಮ್ಮಲ್ಲಿ ಸರಿಯಾದ ಮಾತೇ ಇದೆ: ರೌಂಡ್ ಹೊಡೆಯೋದು. ಶನಿವಾರ ಸಂಜೆ ಊರಿನ ಮುಖ್ಯ ಬೀದಿಯ ಒಂದು ತುದಿಯಿಂದ ಹೊರಡುತ್ತಾರೆ. ಆ ತುದಿಯವರೆಗೆ ನಿಧಾನಕ್ಕೆ ಹೋಗಿ, ಯಾವುದೋ ಹೋಟೆಲಿನ ಅಂಗಳದಲ್ಲಿ ತಿರುಗಿಸಿಕೊಂಡು ವಾಪಸ್ ಬರುತ್ತಾರೆ. ಮತ್ತೆ ಹೋಗುತ್ತಾರೆ. ಕಿಟಕಿ ಗಾಜು ಇಳಿದಿರುತ್ತದೆ, ರೇಡಿಯೊ ಜೋರಾಗಿರುತ್ತದೆ. ಎದುರು ಬರುವ ಕಾರಿನಲ್ಲಿ ಯಾರಿದ್ದಾರೆ ಅಂತ ನೋಡುವುದು, ತಾವೂ ಕಾಣಿಸಿಕೊಳ್ಳುವುದು, ಇಷ್ಟೇ ಉದ್ದೇಶ. ಕ್ಯಾನ್ಸಸ್, ಒಕ್ಲಹೋಮ ಕಡೆ ಇದನ್ನು ‘ಡ್ರ್ಯಾಗಿಂಗ್ ಮೇನ್’ ಅಂದರು. ಅಯೋವಾದವರು ‘ಸ್ಕೂಪಿಂಗ್ ದ ಲೂಪ್’ ಅಂದರು. ಬೆಂಗಳೂರಿನ ಹಳಬರಿಗೆ ‘ಬ್ರಿಗೇಡಿಂಗ್’ ನೆನಪಿರಬೇಕು. ಬ್ರಿಗೇಡ್ ರೋಡಿನಲ್ಲಿ ಏನೂ ಕೊಳ್ಳದೆ ಸಂಜೆಯಿಡೀ ಅಡ್ಡಾಡುವುದು. ಅದೇ ಸಂಗತಿ, ಇಲ್ಲಿ ಕಾಲಿನ ಬದಲು ಚಕ್ರ.

ಎರಡನೆಯದು ಹಾಟ್ ರಾಡ್. ಹಳೇ ಕಾರನ್ನು ಬಿಚ್ಚಿ, ಬೇಡದ ಭಾಗ ತೆಗೆದು, ಎಂಜಿನ್ನಿನ ಕಸುವು ಹೆಚ್ಚಿಸಿದ ಕಾರು. ಮೂರನೆಯದು ಡ್ರ್ಯಾಗ್ ರೇಸ್. ಎರಡು ಕಾರು ಪಕ್ಕಪಕ್ಕ ನಿಂತು, ನೇರ ರಸ್ತೆಯಲ್ಲಿ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡಿ ಯಾರು ಮುಂದೆ ಅಂತ ನೋಡುವುದು. ಜನ ಈ ಮೂರನ್ನೂ ಒಂದೇ ಅಂದುಕೊಳ್ಳುತ್ತಾರೆ. ಆದರೆ ರೌಂಡ್ ಹೊಡೆಯುವವರಲ್ಲಿ ಹೆಚ್ಚಿನವರು ಯಾವತ್ತೂ ರೇಸಿಗೆ ಹೋದವರಲ್ಲ. ಎಷ್ಟೋ ಮಂದಿ ಓಡಿಸುತ್ತಿದ್ದದ್ದು ಅಪ್ಪನ ಕಾರು.

ಮೊಡೆಸ್ಟೊದ ಎರಡು ಬೀದಿಗಳು

ಒಂದೇ ಊರನ್ನು ಹಿಡಿದು ನೋಡಿದರೆ ವಿಷಯ ಸುಲಭ. ಮೊಡೆಸ್ಟೊ ಕ್ಯಾಲಿಫೋರ್ನಿಯಾದ ನಡುವಿನ ಬಯಲಿನಲ್ಲಿದೆ. ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಸುತ್ತ ಬಾದಾಮಿ, ಅಕ್ರೋಟು, ಪೀಚ್ ತೋಟಗಳು. 1960ರಲ್ಲಿ ಅಲ್ಲಿ ಇದ್ದ ಜನ ಸುಮಾರು 36 ಸಾವಿರ. ಊರ ಬಾಗಿಲಿನಲ್ಲಿ 1912ರಲ್ಲಿ ಕಟ್ಟಿದ ಒಂದು ಕಮಾನು ಇದೆ. ‘ನೀರು, ಸಂಪತ್ತು, ನೆಮ್ಮದಿ, ಆರೋಗ್ಯ’ ಅಂತ ಅದರ ಮೇಲೆ ಬರೆದಿದೆ. ಮಂಡ್ಯದ ಕಡೆಯ ನಾಲೆ ಬಯಲನ್ನು ನೋಡಿದವರಿಗೆ ಆ ನಾಲ್ಕು ಮಾತು ಯಾಕೆ ಈ ಕ್ರಮದಲ್ಲಿವೆ ಅಂತ ಬಿಡಿಸಿ ಹೇಳಬೇಕಿಲ್ಲ.

ಊರ ನಡುವೆ 10ನೇ ಬೀದಿ, 11ನೇ ಬೀದಿ ಅಕ್ಕಪಕ್ಕ ಇವೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಒಂದು ಸುತ್ತು ಆಗುತ್ತದೆ. ಶನಿವಾರ ರಾತ್ರಿ ಹುಡುಗರು ಇವೆರಡನ್ನೇ ಸುತ್ತುತ್ತಿದ್ದರು. ಆ ಹುಡುಗರಲ್ಲೊಬ್ಬ ಜಾರ್ಜ್ ಲೂಕಸ್. ಮುಂದೆ ಸಿನಿಮಾ ನಿರ್ದೇಶಕನಾಗಿ, 1973ರಲ್ಲಿ ‘ಅಮೆರಿಕನ್ ಗ್ರಾಫಿಟಿ’ ಅನ್ನುವ ಚಿತ್ರ ಮಾಡಿದ. 1962ರ ಮೊಡೆಸ್ಟೊದ ಒಂದು ರಾತ್ರಿಯ ಕಥೆ ಅದು. ಹೊರಗಿನವರಿಗೆ ಈ ಊರಿನ ಹೆಸರು ತಿಳಿದದ್ದು ಅದರಿಂದಲೇ.

ಆದರೆ ಇದು ಮೊಡೆಸ್ಟೊಗೆ ಮಾತ್ರ ಸೇರಿದ್ದಲ್ಲ. ಆ ಕಾಲದಲ್ಲಿ ಅಮೆರಿಕದ ಸಾವಿರಾರು ಸಣ್ಣ ಊರುಗಳಲ್ಲಿ ಇದೇ ನಡೆಯುತ್ತಿತ್ತು. ಯಾಕೆ ಅಂದರೆ ಆ ಊರುಗಳನ್ನು ಕಟ್ಟಿದ ರೀತಿ ನೋಡಬೇಕು. ಮುಖ್ಯ ಬೀದಿ ನೇರ, ಅಗಲ. ಎರಡೂ ಕಡೆ ಅಂಗಡಿ, ಬ್ಯಾಂಕು, ಒಂದು ಸಿನಿಮಾ ಟಾಕೀಸು. ಮನೆಗಳು ದೂರ ದೂರ. ರೈತರ ಮನೆಗಳಂತೂ ಹತ್ತಾರು ಕಿಲೊಮೀಟರ್ ಆಚೆ. ಸಂಜೆ ಬಸ್ಸು ಇಲ್ಲ. ನಮ್ಮೂರಲ್ಲಾದರೆ ಹುಡುಗರು ಸೇರಲು ಅರಳಿಕಟ್ಟೆ ಇತ್ತು, ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿ ಇತ್ತು, ದೇವಸ್ಥಾನದ ಜಗಲಿ ಇತ್ತು. ನಡೆದು ಹೋದರೆ ಐದು ನಿಮಿಷ. ಇಲ್ಲಿ ಅಂಥ ಜಾಗಕ್ಕೆ ಹೋಗುವುದಕ್ಕೇ ಕಾರು ಬೇಕು. ಹೋದ ಮೇಲೆ ಕೂರುವ ಜಾಗವೂ ಕಾರೇ. ಕಟ್ಟೆಯೂ ಅದೇ, ಜಗಲಿಯೂ ಅದೇ. ಮನೆಯಲ್ಲಿ ತಂಗಿ ತಮ್ಮಂದಿರ ಜೊತೆ ಕೋಣೆ ಹಂಚಿಕೊಂಡ ಹುಡುಗನಿಗೆ ಅವನದೇ ಅನ್ನುವ ಮೊದಲ ಬಾಗಿಲು ಸಿಕ್ಕಿದ್ದು ಕಾರಿನದು. ನನಗೆ ಇಡೀ ಕಥೆಯ ಬೀಗ ತೆಗೆದದ್ದು ಈ ಒಂದು ಸಂಗತಿ.

ತಿನ್ನುವುದಕ್ಕೂ ಇಳಿಯಬೇಕಿರಲಿಲ್ಲ. ಡ್ರೈವ್-ಇನ್ ಹೋಟೆಲುಗಳಲ್ಲಿ ಕಾರು ನಿಲ್ಲಿಸಿದರೆ ಹುಡುಗಿಯೊಬ್ಬಳು ಬಂದು ಆರ್ಡರ್ ತಗೊಂಡು, ತಿಂಡಿಯ ತಟ್ಟೆಯನ್ನು ಕಿಟಕಿ ಗಾಜಿಗೇ ಸಿಕ್ಕಿಸಿ ಹೋಗುತ್ತಿದ್ದಳು. ಎ ಆ್ಯಂಡ್ ಡಬ್ಲ್ಯು ಅನ್ನುವ ಹೋಟೆಲು ಸರಣಿ ಶುರುವಾದದ್ದು 1919ರಲ್ಲಿ, ಮೊಡೆಸ್ಟೊದ ಉತ್ತರಕ್ಕಿರುವ ಲೋಡೈ ಅನ್ನುವ ಊರಿನಲ್ಲಿ. ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಟಾಕೀಸು ಮೊದಲು ಬಂದದ್ದು 1933ರಲ್ಲಿ, ನ್ಯೂಜೆರ್ಸಿಯ ಕ್ಯಾಮ್ಡೆನ್ ಬಳಿ. 1950ರ ದಶಕದ ಕೊನೆಗೆ ಅಂಥವು ದೇಶದಲ್ಲಿ ಸುಮಾರು 4,000 ಇದ್ದವು.

ಹದಿನಾರರ ಕೈಗೆ ಕಾರು ಎಟುಕಿದ್ದು ಹೇಗೆ?

ನಮ್ಮವರು ಇಲ್ಲಿ ಎಡವುತ್ತಾರೆ. ‘ಶ್ರೀಮಂತ ದೇಶ, ಅಪ್ಪ ಕೊಡಿಸಿದ’ ಅಂದುಬಿಡುತ್ತಾರೆ. ಹೆಚ್ಚಿನವರ ವಿಷಯದಲ್ಲಿ ಅದು ಸರಿಯಲ್ಲ.

ಮೊದಲು ಲೈಸೆನ್ಸ್ ನೋಡೋಣ. ಇಲ್ಲಿ ವಾಹನದ ಕಾನೂನು ಆಯಾ ರಾಜ್ಯದ್ದು. ಹೆಚ್ಚಿನ ರಾಜ್ಯಗಳು ಹದಿನಾರಕ್ಕೆ ಲೈಸೆನ್ಸ್ ಕೊಟ್ಟವು. ಬೇಸಾಯವೇ ಮುಖ್ಯವಾದ ಕ್ಯಾನ್ಸಸ್, ದಕ್ಷಿಣ ಡಕೋಟದಂಥ ಕಡೆ ಇವತ್ತಿಗೂ ಹದಿನಾಲ್ಕಕ್ಕೆ ಪರ್ಮಿಟ್ ಸಿಗುತ್ತದೆ. ರೈತರ ಮನೆಯಲ್ಲಿ ಹನ್ನೆರಡರ ಹುಡುಗ ಟ್ರ್ಯಾಕ್ಟರ್ ಓಡಿಸುತ್ತಾನೆ, ಧಾನ್ಯ ತುಂಬಿದ ಟ್ರಕ್ಕನ್ನು ಪೇಟೆಗೆ ತರಲು ಅವನೇ ಬೇಕು. ಹಾಗಾಗಿ ಕಾನೂನು ಮನೆಯ ಅಗತ್ಯವನ್ನು ಹಿಂಬಾಲಿಸಿತು. ಜೊತೆಗೆ ಶಾಲೆಯಲ್ಲೇ ಡ್ರೈವಿಂಗ್ ಪಾಠ ಇತ್ತು. 1934ರಲ್ಲಿ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಅನ್ನುವ ಊರಿನ ಹೈಸ್ಕೂಲಿನಲ್ಲಿ ಏಮಸ್ ನೇಹಾರ್ಟ್ ಅನ್ನುವ ಮೇಷ್ಟ್ರು ಇದನ್ನು ಶುರು ಮಾಡಿದರು. ಮುಂದೆ ಅದು ದೇಶವಿಡೀ ಹರಡಿತು. ಗಣಿತ, ಇತಿಹಾಸದ ಜೊತೆ ಡ್ರೈವಿಂಗೂ ಒಂದು ಪಾಠ.

ಈಗ ಕಾರಿನ ಬೆಲೆ. ಹೊಸ ಕಾರು ಹುಡುಗರಿಗೆ ಎಟುಕುತ್ತಿರಲಿಲ್ಲ, ಹಳೇದು ಎಟುಕುತ್ತಿತ್ತು. ಹಳೇ ಕಾರು ಅಷ್ಟು ಅಗ್ಗ ಆಗಿದ್ದಕ್ಕೆ ಕಾರಣ ದೊಡ್ಡವರ ಚಟ. ಅಮೆರಿಕದ ಕಂಪನಿಗಳು, ಮುಖ್ಯವಾಗಿ ಜನರಲ್ ಮೋಟರ್ಸ್, ಪ್ರತಿ ವರ್ಷ ಕಾರಿನ ರೂಪ ಬದಲಿಸುವ ಪದ್ಧತಿ ತಂದವು. ಒಳಗಿನ ಯಂತ್ರ ಹೆಚ್ಚುಕಡಿಮೆ ಅದೇ. ಹೊರಗಿನ ದೀಪ, ಹಿಂದಿನ ರೆಕ್ಕೆ, ಮುಂದಿನ ಜಾಲರಿ ಮಾತ್ರ ಹೊಸದು. ದೀಪಾವಳಿಗೆ ಹೊಸ ಅಂಚಿನ ಸೀರೆ ಬಂದ ಹಾಗೆ. ಪಕ್ಕದ ಮನೆಯವರು ಹೊಸದು ತಂದರೆ ಮೂರು ವರ್ಷದ ಕಾರು ಹಳತಾಗಿ ಕಾಣುತ್ತದೆ. ಯುದ್ಧದ ಹೊತ್ತಿನಲ್ಲಿ, 1942ರಿಂದ 1945ರವರೆಗೆ, ಜನಬಳಕೆಯ ಕಾರು ತಯಾರಿಕೆಯೇ ನಿಂತಿತ್ತು. ಆ ಹಸಿವೂ ಸೇರಿತು. 1955 ಒಂದೇ ವರ್ಷದಲ್ಲಿ 70 ಲಕ್ಷಕ್ಕೂ ಜಾಸ್ತಿ ಹೊಸ ಕಾರುಗಳು ಮಾರಾಟವಾದವು. ಅಷ್ಟು ಜನ ಹೊಸದು ಕೊಂಡರೆ ಅವರ ಹಳೇ ಕಾರು ಎಲ್ಲಿಗೆ ಹೋಗಬೇಕು? ಊರಂಚಿನ ಸೆಕೆಂಡ್ ಹ್ಯಾಂಡ್ ಅಂಗಡಿಗೆ. ಹತ್ತು ವರ್ಷದ ಹಿಂದಿನ ಕಾರು ನೂರು ಡಾಲರ್ ಆಸುಪಾಸಿಗೆ ಸಿಗುತ್ತಿತ್ತು. ಕೆಟ್ಟು ನಿಂತದ್ದು ಇನ್ನೂ ಕಡಿಮೆಗೆ.

ದುಡ್ಡಿನ ಲೆಕ್ಕ ಹೀಗಿತ್ತು. 1965ರಲ್ಲಿ ಕಾನೂನು ಹೇಳಿದ ಕನಿಷ್ಠ ಕೂಲಿ ಗಂಟೆಗೆ 1 ಡಾಲರ್ 25 ಸೆಂಟ್. ಪೆಟ್ರೋಲು ಗ್ಯಾಲನ್ನಿಗೆ ಸುಮಾರು 31 ಸೆಂಟ್. ಒಂದು ಗ್ಯಾಲನ್ ಅಂದರೆ 3.8 ಲೀಟರ್. ಅಂದರೆ ಒಂದು ಗಂಟೆ ದುಡಿದರೆ ಸುಮಾರು 15 ಲೀಟರ್ ಪೆಟ್ರೋಲು! ಹೊಲದ ಕೂಲಿಗೆ ಆಗ ಆ ಕಾನೂನು ಅನ್ವಯಿಸುತ್ತಿರಲಿಲ್ಲ, ಅಲ್ಲಿ ಸಿಗುತ್ತಿದ್ದದ್ದು ಕಡಿಮೆ. ಆದರೂ ಬೇಸಿಗೆ ರಜೆಯಲ್ಲಿ ಎರಡು ಮೂರು ತಿಂಗಳು ದುಡಿದ ಹುಡುಗನ ಕೈಯಲ್ಲಿ ಒಂದು ಹಳೇ ಕಾರಿನ ಬೆಲೆ ಉಳಿಯುತ್ತಿತ್ತು. ಶನಿವಾರ ರಾತ್ರಿಯ ಪೆಟ್ರೋಲಿಗೆ ಕಾರಿನಲ್ಲಿದ್ದ ನಾಲ್ಕೈದು ಜನ ಚಿಲ್ಲರೆ ಕೂಡಿಸುತ್ತಿದ್ದರು.

1960ರ ಜನಗಣತಿಯಲ್ಲಿ ಅಮೆರಿಕದ ಪ್ರತಿ ಐದು ಮನೆಯಲ್ಲಿ ಸುಮಾರು ನಾಲ್ಕರಲ್ಲಿ ಕನಿಷ್ಠ ಒಂದು ಕಾರಿತ್ತು. ಅದೇ ಹೊತ್ತಿಗೆ ನಮ್ಮಲ್ಲಿ ದುಡ್ಡಿದ್ದವರೂ ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ಮೈಸೂರಿನಲ್ಲಿ ಜಾವಾ ಬೈಕು ತಯಾರಾಗತೊಡಗಿದ್ದು 1961ರಲ್ಲಿ. ನಮ್ಮ ಸಣ್ಣ ಊರುಗಳ ಯುವಕರಿಗೆ ಎಂಜಿನ್ನಿನ ಹುಚ್ಚು ಹಿಡಿಸಿದ್ದು ಜಾವಾ, ಆಮೇಲೆ ಯೆಜ್ಡಿ. ಅದೂ ಕೆಲಸ ಸಿಕ್ಕಿದ ಮೇಲೆ.

ಕಾರನ್ನು ಬಿಚ್ಚುವ ವಿದ್ಯೆ

ಹಳೇ ಕಾರು ಅಂದ ಮೇಲೆ ಕೆಡುತ್ತದೆ. ಕೆಟ್ಟರೆ ತಾವೇ ರಿಪೇರಿ ಮಾಡಬೇಕು. ಹೈಸ್ಕೂಲಿನಲ್ಲಿ ‘ಶಾಪ್’ ಅನ್ನುವ ಪಾಠ ಇತ್ತು. ಮರಗೆಲಸ, ವೆಲ್ಡಿಂಗು, ಕಾರು ರಿಪೇರಿ ಎಲ್ಲ ಅಲ್ಲಿ ಕಲಿಸುತ್ತಿದ್ದರು. 1917ರ ಸ್ಮಿತ್-ಹ್ಯೂಸ್ ಕಾನೂನಿನಿಂದ ಇಂಥ ಪಾಠಗಳಿಗೆ ಕೇಂದ್ರ ಸರ್ಕಾರದ ಹಣ ಬರುತ್ತಿತ್ತು. ಬಿಡಿಭಾಗಕ್ಕೆ ಗುಜರಿ ಅಂಗಳ. ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿ ನೋಡಿದವರು ಅದನ್ನು ಹತ್ತು ಎಕರೆ ಬಯಲಿಗೆ ಹರಡಿದಂತೆ ಊಹಿಸಿಕೊಳ್ಳಿ. ಪಾನಾ ಹಿಡಿದು ಹೋಗಿ, ಬೇಕಾದ್ದನ್ನು ಬಿಚ್ಚಿಕೊಂಡು, ಬಾಗಿಲಲ್ಲಿ ದುಡ್ಡು ಕೊಟ್ಟು ಬರುವುದು.

ಹಾಟ್ ರಾಡ್ ಹುಟ್ಟಿದ್ದು ಇಲ್ಲಿಂದ. ಅದರ ಹಿಂದಿನ ಲೆಕ್ಕ ಬಹಳ ಸರಳ. ಒಂದು ಜೋಡಿ ಎತ್ತಿಗೆ ತುಂಬಿದ ಗಾಡಿ ಕಟ್ಟಿ, ಅದೇ ಎತ್ತಿಗೆ ಖಾಲಿ ಗಾಡಿ ಕಟ್ಟಿ. ಯಾವುದು ಬೇಗ ಓಡುತ್ತದೆ? ಹಾಗೆಯೇ ಕಾರಿನ ಮಡ್‌ಗಾರ್ಡು, ಬಾನೆಟ್ಟು, ಹಿಂದಿನ ಸೀಟು ಎಲ್ಲ ಕಿತ್ತರೆ ತೂಕ ಇಳಿಯಿತು. ಆಮೇಲೆ ಎತ್ತನ್ನೇ ಬದಲಿಸುವುದು. 1928ರಿಂದ 1931ರವರೆಗೆ ಬಂದ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ನಾಲ್ಕು ಸಿಲಿಂಡರು, 40 ಕುದುರೆ ಶಕ್ತಿ. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ಎಂಜಿನ್ ತಂದಿತು, 65 ಕುದುರೆ ಶಕ್ತಿ. ಎರಡು ಸಾಲು ಸಿಲಿಂಡರು ‘ವಿ’ ಅಕ್ಷರದ ಆಕಾರದಲ್ಲಿ ನಿಂತಿರುವುದರಿಂದ ಅದು ವಿ-8. ಅಲ್ಲಿವರೆಗೆ ವಿ-8 ಅಂದರೆ ಸಿರಿವಂತರ ಕಾರಿನ ಎಂಜಿನ್. ಫೋರ್ಡ್ ಅದನ್ನು ಸಾಮಾನ್ಯರ ಕಾರಿಗೆ ಹಾಕಿತು. ಹತ್ತು ಹದಿನೈದು ವರ್ಷ ಕಳೆದ ಮೇಲೆ ಆ ಎಂಜಿನ್ನುಗಳು ಗುಜರಿಗೆ ಬಂದವು. ಹುಡುಗರು ಅವನ್ನು ತಂದು ಹಗುರ ಮಾಡಿದ ಮಾಡೆಲ್ ಎ ಒಳಗೆ ಕೂರಿಸಿದರು.

ಆ ಎಂಜಿನ್ನಿಗೆ ಫ್ಲ್ಯಾಟ್‌ಹೆಡ್ ಅಂತ ಹೆಸರು. ಈಗಿನ ಎಂಜಿನ್ನುಗಳಲ್ಲಿ ವಾಲ್ವು ಮೇಲಿನ ಹೆಡ್‌ನಲ್ಲಿರುತ್ತವೆ. ಇದರಲ್ಲಿ ಸಿಲಿಂಡರಿನ ಪಕ್ಕದಲ್ಲೇ ಕೆಳಗಿದ್ದವು. ಹಾಗಾಗಿ ಹೆಡ್ ಅನ್ನುವುದು ಬರೀ ಚಪ್ಪಟೆ ಮುಚ್ಚಳ. ಬೋಲ್ಟು ಬಿಚ್ಚಿದರೆ ಪಾತ್ರೆ ಮುಚ್ಚಳದ ಹಾಗೆ ಎತ್ತಿಡಬಹುದು. ಆ ಮುಚ್ಚಳವನ್ನು ಯಂತ್ರದಲ್ಲಿ ಸ್ವಲ್ಪ ತೇಯಿಸಿ ತಂದರೆ ಸಿಲಿಂಡರಿನ ಮೇಲಿನ ಜಾಗ ಕಿರಿದಾಗುತ್ತದೆ. ಪೆಟ್ರೋಲು ಗಾಳಿಯ ಮಿಶ್ರಣ ಇನ್ನೂ ಬಿಗಿಯಾಗಿ ಒತ್ತಿಕೊಂಡು, ಉರಿದಾಗ ಪಿಸ್ಟನ್ನನ್ನು ಇನ್ನೂ ಜೋರಾಗಿ ತಳ್ಳುತ್ತದೆ. ಶಾಲೆಯ ಭೌತಶಾಸ್ತ್ರದಲ್ಲಿ ತಲೆಗೆ ಹತ್ತದ ಪಾಠ ಗ್ಯಾರೇಜಿನಲ್ಲಿ ಹತ್ತುತ್ತಿತ್ತು.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನಮ್ಮ ಬೀದಿಯ ಹಿರಿಯರೊಬ್ಬರು. 1962ರಲ್ಲಿ ಅವರಿಗೆ ಹದಿನಾರು. ಪೀಚ್ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಎರಡು ಬೇಸಿಗೆ ದುಡಿದು 1950ರ ಫೋರ್ಡ್ ಕೊಂಡಿದ್ದರಂತೆ. ಸೇನೆಗೆ ಕರೆ ಬಂದಾಗ ಮಾರಿದರು. ನಿವೃತ್ತಿಯಾದ ಮೇಲೆ ಅದೇ ಮಾದರಿ ಹುಡುಕಿ ತಂದಿದ್ದಾರೆ. ಒಂದು ಭಾನುವಾರ ಮಗನನ್ನು ಕರೆದು ಪಾಯಿಂಟ್ ಗ್ಯಾಪ್ ತೋರಿಸಿದರು. ನಮ್ಮ ಹಳೇ ಸ್ಕೂಟರ್ ಮೆಕ್ಯಾನಿಕ್‌ಗಳಿಗೆ ಪಾಯಿಂಟ್ ಚೆನ್ನಾಗಿ ಗೊತ್ತು. ಎರಡು ಪುಟ್ಟ ಲೋಹದ ತುದಿಗಳು ಮುಟ್ಟಿ ಬಿಟ್ಟು ಆದಾಗ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ತುದಿಗಳ ನಡುವೆ ಇರಬೇಕಾದ ಸಂದು ಸುಮಾರು 0.4 ಮಿಲಿಮೀಟರ್. ಅವರು ಅಳತೆಯ ಸಾಧನ ತೆಗೆಯಲಿಲ್ಲ. ಜೇಬಿನಿಂದ ಒಂದು ಕಾಗದದ ಬೆಂಕಿಪೊಟ್ಟಣ ತೆಗೆದು, ಅದರ ಮುಚ್ಚಳದ ರಟ್ಟನ್ನು ಸಂದಿನೊಳಗೆ ತೂರಿಸಿದರು. ರಟ್ಟು ಸ್ವಲ್ಪ ಹಿಡಿದುಕೊಂಡು ಜಾರಬೇಕು. ‘ಈಗ ನೀನು ಎಳೆ’ ಅಂದರು. ಮಗ ಎಳೆದ. ಸ್ಕ್ರೂ ಬಿಗಿ ಮಾಡಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಂದು ಸಲ ಕೆಮ್ಮಿ ಹಿಡಿದುಕೊಂಡಿತು. ಯಂತ್ರದ ಒಳಗೆ ಏನು ನಡೆಯುತ್ತದೆ ಅಂತ ಅವನು ಬೆರಳಿನಿಂದ ತಿಳಿದದ್ದು ಅವತ್ತೇ ಮೊದಲು.

ಆ ಕಾರಿನ ಗೇರು ಸ್ಟೇರಿಂಗ್ ಪಕ್ಕದಲ್ಲಿದೆ, ನಮ್ಮ ಅಂಬಾಸಿಡರ್‌ನಲ್ಲಿದ್ದ ಹಾಗೆ. ಮುಂದೆ ಉದ್ದಕ್ಕೆ ಒಂದೇ ಸೀಟು. ಮೂವರು ಆರಾಮಾಗಿ ಕೂರಬಹುದು. ಸಂಗಾತಿ ಪಕ್ಕಕ್ಕೆ ಜರುಗಿ ಕೂತರೆ ಇಡೀ ಬೀದಿಗೆ ಸುದ್ದಿ ಗೊತ್ತಾಗುತ್ತಿತ್ತು ಅಂತ ಅವರ ಮನೆಯವರು ಹೇಳಿದರು.

ರಾತ್ರಿ ದೂರದಿಂದ ಬರುತ್ತಿದ್ದ ಹಾಡು

ಸಣ್ಣ ಊರಿನಲ್ಲಿ ಹೊಸ ಹಾಡು ಸಿಗುತ್ತಿದ್ದದ್ದು ಕಾರಿನ ರೇಡಿಯೊದಲ್ಲಿ, ಅದೂ ರಾತ್ರಿ. ಇದಕ್ಕೆ ವಿಜ್ಞಾನದ ಕಾರಣ ಇದೆ. ಭೂಮಿಯ ಮೇಲೆ ಬಹಳ ಎತ್ತರದಲ್ಲಿ ವಿದ್ಯುತ್ ತುಂಬಿದ ಕಣಗಳ ಪದರಗಳಿವೆ. ಹಗಲು ಬಿಸಿಲಿನಿಂದಾಗಿ ಕೆಳಗಿನ ಪದರ ಗಟ್ಟಿಯಾಗಿ, ಮೀಡಿಯಂ ವೇವ್ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅಲೆಗಳು ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತವೆ. ತಿಪಟೂರಿನಲ್ಲಿ ರಾತ್ರಿ ಟ್ರಾನ್ಸಿಸ್ಟರಿನ ಮುಳ್ಳು ತಿರುಗಿಸಿದರೆ ತೆಲುಗು, ತಮಿಳು ನಿಲಯಗಳು ಕೇಳಿಸುತ್ತಿದ್ದದ್ದೂ ಇದರಿಂದಲೇ.

ಅಮೆರಿಕದಲ್ಲಿ ಇಂಥ ನಿಲಯಗಳಿಗೆ 50 ಸಾವಿರ ವ್ಯಾಟ್ ಮಿತಿ ಇತ್ತು. ಗಡಿ ದಾಟಿ ಮೆಕ್ಸಿಕೊದಲ್ಲಿದ್ದ ಕೆಲವು ನಿಲಯಗಳು ಆ ಮಿತಿಯನ್ನೂ ಮೀರಿ ಹಾಡು ಬಿತ್ತರಿಸಿದವು. 1960ರ ದಶಕದಲ್ಲಿ ಅಂಥ ಗಡಿ ನಿಲಯಗಳಿಂದ ಮಾತಾಡುತ್ತಿದ್ದ ವುಲ್ಫ್‌ಮನ್ ಜ್ಯಾಕ್ ಅನ್ನುವವರ ಒರಟು ದನಿ ದೂರದೂರದ ಊರುಗಳ ಹುಡುಗರಿಗೆ ಗೊತ್ತಿತ್ತು. ಎಲ್ಲ ಕಾರೂ ಒಂದೇ ನಿಲಯ ಹಿಡಿದಿದ್ದರೆ, ಬೀದಿಯಲ್ಲಿ ನಡೆದುಹೋಗುವವನಿಗೆ ಒಂದೇ ಹಾಡು ಕಿಟಕಿಯಿಂದ ಕಿಟಕಿಗೆ ದಾಟಿ ಕೇಳುತ್ತಿತ್ತು.

ಆ ಬೀದಿ ಎಲ್ಲರದ್ದೂ ಆಗಿರಲಿಲ್ಲ

ಹಳೇ ಕಾಲದ ಕಥೆ ಹೇಳುವಾಗ ಇದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ಸ್ಟೇರಿಂಗ್ ಹಿಂದೆ ಇದ್ದವರು ಬಹುಪಾಲು ಹುಡುಗರು. ಹುಡುಗಿಯರಿಗೆ ಶಾಪ್ ಪಾಠದ ಬದಲು ಅಡುಗೆ, ಹೊಲಿಗೆ ಪಾಠ. ಬ್ಯಾಂಕು ಸಾಲ ಕೊಡುವಾಗ ಹೆಣ್ಣು ಅಂತ ಭೇದ ಮಾಡಬಾರದು ಅನ್ನುವ ಕಾನೂನು ಬಂದದ್ದು 1974ರಲ್ಲಿ. ಅಲ್ಲಿವರೆಗೆ ದುಡಿಯುವ ಹೆಣ್ಣುಮಗಳಿಗೂ ಸಾಲಕ್ಕೆ ಅಪ್ಪನ ಅಥವಾ ಗಂಡನ ಸಹಿ ಕೇಳುತ್ತಿದ್ದರು.

ಕಪ್ಪು ಜನರಿಗೆ ಎಷ್ಟೋ ಸಣ್ಣ ಊರುಗಳ ಬೀದಿ ಕತ್ತಲಾದ ಮೇಲೆ ಅಪಾಯ. ಸೂರ್ಯ ಮುಳುಗುವುದರೊಳಗೆ ಅವರು ಊರು ಬಿಡಬೇಕು ಅನ್ನುವ ಕಟ್ಟಳೆ ಇದ್ದ ಊರುಗಳಿಗೆ ‘ಸನ್‌ಡೌನ್ ಟೌನ್’ ಅನ್ನುತ್ತಾರೆ. ಎಲ್ಲಿ ಊಟ, ಪೆಟ್ರೋಲು, ಹಾಸಿಗೆ ಕೊಡುತ್ತಾರೆ ಅಂತ ತಿಳಿಸಲು ವಿಕ್ಟರ್ ಗ್ರೀನ್ ಅನ್ನುವ ನ್ಯೂಯಾರ್ಕಿನ ಅಂಚೆಯಣ್ಣ 1936ರಿಂದ ಒಂದು ಕೈಪಿಡಿಯನ್ನೇ ತರಬೇಕಾಯಿತು. ಅದು 1960ರ ದಶಕದ ನಡುವಿನವರೆಗೂ ಬರುತ್ತಿತ್ತು.

ಮೆಕ್ಸಿಕನ್ ಮೂಲದ ಯುವಕರು ತಮ್ಮದೇ ದಾರಿ ಮಾಡಿಕೊಂಡರು. ಅವರ ಕಾರು ಲೋರೈಡರ್. ಬೇರೆಯವರು ಕಾರನ್ನು ವೇಗ ಮಾಡಿದರೆ ಇವರು ತಗ್ಗಿಸಿದರು. ನೆಲಕ್ಕೆ ತಾಗುವಷ್ಟು ಕೆಳಗೆ, ಆದಷ್ಟು ನಿಧಾನ, ಮೈತುಂಬ ಚಿತ್ರದ ಬಣ್ಣ. ನಮ್ಮ ತೇರಿನ ಗತಿ. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಸರ್ಕಾರ, ಕಾರಿನ ಮೈ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇಳಿಯಬಾರದು ಅಂತ ಕಾನೂನು ಮಾಡಿತು. 1959ರಲ್ಲಿ ರಾನ್ ಅಗೀರೆ ಅನ್ನುವವರು ವಿಮಾನದ ಹೈಡ್ರಾಲಿಕ್ ಪಂಪು ತಂದು ತಮ್ಮ ಕಾರಿಗೆ ಜೋಡಿಸಿದರು. ಒಂದು ಸ್ವಿಚ್ಚು ಒತ್ತಿದರೆ ಕಾರು ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ. ಪೊಲೀಸರು ಕಂಡಾಗ ಕಾರು ಕಾನೂನಿನ ಎತ್ತರದಲ್ಲಿ ನಿಂತಿರುತ್ತಿತ್ತು. ಮುಂದೆ ರೌಂಡ್ ಹೊಡೆಯುವುದನ್ನು ನಿಷೇಧಿಸಿದಾಗ ಅದರ ಬಿಸಿ ಹೆಚ್ಚು ತಟ್ಟಿದ್ದು ಈ ಸಮುದಾಯಕ್ಕೆ. 2024ರ ಕಾನೂನಿಗಾಗಿ ವರ್ಷಗಟ್ಟಲೆ ಓಡಾಡಿದವರೂ ಲೋರೈಡರ್ ಕ್ಲಬ್ಬುಗಳ ಜನರೇ. ಅದೇ ಕಾನೂನು ಆ ಹಳೇ ಎತ್ತರದ ನಿಯಮವನ್ನೂ ತೆಗೆದುಹಾಕಿತು. ಅವರ ಖುಷಿಗೆ ಕಾರಣ ಇಲ್ಲಿದೆ.

ಜೀವಕ್ಕೆ ಬಂದ ಬೆಲೆ

1962ರ ಜೂನ್ 12ರಂದು, ಹೈಸ್ಕೂಲು ಮುಗಿಯಲು ಮೂರು ದಿನ ಇರುವಾಗ, ಜಾರ್ಜ್ ಲೂಕಸ್ ತನ್ನ ಪುಟ್ಟ ಇಟಲಿ ಕಾರಿನಲ್ಲಿ ಮನೆಗೆ ಹೊರಟಿದ್ದ. ಅಕ್ರೋಟು ತೋಟದ ದಾರಿಗೆ ಎಡಕ್ಕೆ ತಿರುಗುವಾಗ ಹಿಂದಿನಿಂದ ವೇಗವಾಗಿ ಬಂದ ಕಾರು ಗುದ್ದಿತು. ಇವನ ಕಾರು ಉರುಳಿ ಹೋಗಿ ಮರಕ್ಕೆ ಅಪ್ಪಳಿಸಿತು. ಅವನೇ ಹಾಕಿಸಿಕೊಂಡಿದ್ದ ರೇಸಿನ ಬೆಲ್ಟ್ ಕಿತ್ತು ಹೋಗಿ ಹೊರಗೆ ಬಿದ್ದದ್ದರಿಂದ ಬದುಕಿದ. ಕಾರ್ ರೇಸಿಗನಾಗಬೇಕು ಅಂತಿದ್ದವನು ಆಮೇಲೆ ಆ ಆಸೆ ಬಿಟ್ಟ.

ಎಷ್ಟೋ ಮಕ್ಕಳು ಬದುಕಲಿಲ್ಲ. ಆಗಿನ ಬಹಳಷ್ಟು ಕಾರುಗಳಲ್ಲಿ ಸೀಟ್ ಬೆಲ್ಟೇ ಇರಲಿಲ್ಲ. ಸ್ಟೇರಿಂಗಿನ ಕಂಬ ಗಟ್ಟಿ ಕಬ್ಬಿಣ. ಗುದ್ದಿದಾಗ ಅದು ನೇರ ಎದೆಗೆ ಬರುತ್ತಿತ್ತು. ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಇರಲೇಬೇಕು ಅನ್ನುವ ದೇಶವ್ಯಾಪಿ ನಿಯಮ ಬಂದದ್ದು 1968ರಲ್ಲಿ. 1972ರಲ್ಲಿ ಅಮೆರಿಕದ ರಸ್ತೆಗಳಲ್ಲಿ 54 ಸಾವಿರಕ್ಕೂ ಜಾಸ್ತಿ ಜನ ಸತ್ತರು. ಈಗ ಗಾಡಿಗಳು ಓಡುವ ದೂರ ಅಂದಿನ ಎರಡು ಪಟ್ಟಿಗಿಂತ ಜಾಸ್ತಿ, ಆದರೂ ಸಾಯುವವರು ಅದಕ್ಕಿಂತ ಕಡಿಮೆ.

ಬೀದಿ ರೇಸನ್ನು ನಿಲ್ಲಿಸಲು ಒಂದು ಒಳ್ಳೇ ಉಪಾಯವೂ ನಡೆಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಅನ್ನುವವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ರೇಸನ್ನು ಬೀದಿಯಿಂದ ಎತ್ತಿ, ಪೊಲೀಸರ ಸಹಕಾರದಿಂದಲೇ, ಮೀಸಲಾದ ಜಾಗದಲ್ಲಿ, ನಿಯಮ ಇಟ್ಟು ನಡೆಸತೊಡಗಿದರು. 1953ರಲ್ಲಿ ಪೊಮೋನದಲ್ಲಿ ಅವರ ಮೊದಲ ಅಧಿಕೃತ ರೇಸು ನಡೆಯಿತು. ಹುಡುಗರನ್ನು ಬೈಯುವುದಕ್ಕಿಂತ ಅವರಿಗೆ ಜಾಗ ಕೊಟ್ಟದ್ದು ಹೆಚ್ಚು ಕೆಲಸ ಮಾಡಿತು ಅಂತ ನನಗನ್ನಿಸುತ್ತದೆ.

ರೌಂಡು ನಿಂತದ್ದು ಹೇಗೆ?

ಒಂದೇ ಏಟಿಗೆ ನಿಲ್ಲಲಿಲ್ಲ. ಅದನ್ನು ಹಿಡಿದಿದ್ದ ಗೂಟಗಳು ಒಂದೊಂದಾಗಿ ಕಿತ್ತುಹೋದವು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ಕೊಡುವುದನ್ನು ನಿಲ್ಲಿಸಿದವು. ಪೆಟ್ರೋಲ್ ಬಂಕಿನ ಮುಂದೆ ಉದ್ದದ ಸಾಲು. ಗ್ಯಾಲನ್ನಿಗೆ 39 ಸೆಂಟ್ ಇದ್ದದ್ದು ಮರುವರ್ಷ 53 ಸೆಂಟ್ ಆಯಿತು. ಲೀಟರಿಗೆ ಆರು ಕಿಲೊಮೀಟರ್ ಕೊಡುವ ವಿ-8ರಲ್ಲಿ ಸುಮ್ನೆ ಸುತ್ತುವುದು ಆಗ ಕೈಗೆಟುಕದ ಮಾತಾಯಿತು. ಅದೇ ಹೊತ್ತಿಗೆ ಹೈವೇಗಳು ಊರ ಹೊರಗಿಂದ ಹಾದುಹೋದವು. ಅಂಗಡಿಗಳು ಹೈವೇ ಪಕ್ಕದ ಮಾಲ್‌ಗಳಿಗೆ ಹೋದವು. ಮುಖ್ಯ ಬೀದಿ ಖಾಲಿಯಾಯಿತು. ಸುತ್ತಿದರೂ ನೋಡುವವರು ಯಾರು?

ಎಂಜಿನ್ನೂ ಬದಲಾಯಿತು. 1970ರ ಗಾಳಿ ಶುದ್ಧಿ ಕಾನೂನಿನಿಂದ ಹೊಗೆ ಕಡಿಮೆ ಮಾಡುವ ಸಾಧನಗಳು ಬಂದವು. ಅದು ಬೇಕೇ ಇತ್ತು, ಈ ಬಯಲಿನ ಹೊಗೆ ಕುಡಿದವರಿಗೆ ಗೊತ್ತು. ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು, ಕಾರ್ಬೊರೇಟರ್ ಹೋಗಿ ಕಂಪ್ಯೂಟರ್ ಬಂತು. ಬೆಂಕಿಪೊಟ್ಟಣದ ರಟ್ಟಿಗೆ ಅಲ್ಲಿ ಕೆಲಸ ಉಳಿಯಲಿಲ್ಲ.

ಇದರ ಮೇಲೆ ನಿಷೇಧ. 1980, 90ರ ದಶಕದಲ್ಲಿ ಉಳಿದ ಕೆಲವು ಬೀದಿಗಳಿಗೆ ಸುತ್ತಲಿನ ಊರುಗಳಿಂದೆಲ್ಲ ಸಾವಿರಾರು ಕಾರು ಬರತೊಡಗಿದವು. ಜಗಳ, ಕಸ, ಆ್ಯಂಬುಲೆನ್ಸ್ ಹೋಗಲು ದಾರಿ ಇಲ್ಲ. ಅಂಗಡಿಯವರ ದೂರೂ ಸುಳ್ಳಾಗಿರಲಿಲ್ಲ. ಊರುಗಳು ಬೋರ್ಡು ಹಾಕಿದವು. ಗೊತ್ತುಮಾಡಿದ ಕೆಲವು ಗಂಟೆಗಳಲ್ಲಿ ಒಂದೇ ಜಾಗವನ್ನು ಎರಡು ಸಲಕ್ಕಿಂತ ಜಾಸ್ತಿ ದಾಟಿದರೆ ದಂಡ. ಆ ಸಿನಿಮಾದ ಊರಾದ ಮೊಡೆಸ್ಟೊ ಕೂಡ ನಿಷೇಧ ತಂದಿತು.

ಹೊಸ ಪೀಳಿಗೆಗೆ ಫೋನು ಬಂತು. 1983ರಲ್ಲಿ ಹದಿನಾರರ ನೂರು ಮಕ್ಕಳಲ್ಲಿ 46 ಮಂದಿಗೆ ಲೈಸೆನ್ಸ್ ಇತ್ತು. 2014ಕ್ಕೆ ಅದು ಸುಮಾರು 25ಕ್ಕೆ ಇಳಿದಿತ್ತು.

ಈಗ ಹದಿನಾರು ತುಂಬಿದರೆ

ಕ್ಯಾಲಿಫೋರ್ನಿಯಾದಲ್ಲಿರುವ ತಂದೆ ತಾಯಿಯರಿಗೆ ಇದು ಬೇಕಾದ ಮಾಹಿತಿ. ಹದಿನೈದೂವರೆಗೆ ಪರ್ಮಿಟ್. ಕನಿಷ್ಠ ಆರು ತಿಂಗಳು ಅದನ್ನಿಟ್ಟುಕೊಂಡು, 50 ಗಂಟೆ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿರಬೇಕು. ಅದರಲ್ಲಿ 10 ಗಂಟೆ ರಾತ್ರಿ. ಹದಿನಾರಕ್ಕೆ ಸಿಗುವುದು ತಾತ್ಕಾಲಿಕ ಲೈಸೆನ್ಸ್. ಮೊದಲ 12 ತಿಂಗಳು ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ. ದೊಡ್ಡವರು ಜೊತೆಗಿಲ್ಲದೆ ಇಪ್ಪತ್ತರ ಒಳಗಿನವರನ್ನು ಕೂರಿಸಿಕೊಳ್ಳುವಂತಿಲ್ಲ. ಶಾಲೆ, ಕೆಲಸ, ವೈದ್ಯರಂಥ ಕೆಲವು ಕಾರಣಗಳಿಗೆ ವಿನಾಯಿತಿ ಉಂಟು. ಹೊಸ ಚಾಲಕರು ಹೆಚ್ಚು ಸಾಯುವುದು ರಾತ್ರಿ, ಮತ್ತು ಸ್ನೇಹಿತರು ಜೊತೆಗಿದ್ದಾಗ. ಅದಕ್ಕೇ ಈ ನಿಯಮ. ಆ ಹಿರಿಯರ ಶನಿವಾರ ರಾತ್ರಿಗೆ ಬೇಕಾಗಿದ್ದದ್ದೂ ಅವೇ ಎರಡು: ಕತ್ತಲು ಮತ್ತು ಗೆಳೆಯರು.

ಮಗನ 50 ಗಂಟೆಗಳಲ್ಲಿ 38 ಮುಗಿದಿವೆ. ಹೋದ ಶನಿವಾರ ರಾತ್ರಿಯ ಒಂದು ಗಂಟೆಯನ್ನು ಮೊಡೆಸ್ಟೊದಲ್ಲಿ ಮುಗಿಸಿದೆವು. ಅವನು ಓಡಿಸಿದ, ನಾನು ಪಕ್ಕದಲ್ಲಿ, ಹಿರಿಯರು ಹಿಂದಿನ ಸೀಟಿನಲ್ಲಿ. 10ನೇ ಬೀದಿಯಲ್ಲಿ ಹೋಗಿ 11ನೇ ಬೀದಿಯಲ್ಲಿ ಬಂದೆವು. ನಾಲ್ಕನೇ ಸುತ್ತಿಗೆ ಎದುರಿನ ಹಳೇ ಶೆವ್ರೊಲೆ ಕಾರಿನಿಂದ ಯಾರೋ ಕೈ ಎತ್ತಿದರು. ಹಿರಿಯರು ಕಿಟಕಿ ಇಳಿಸಿ ಕೈ ಬೀಸಿದರು. ‘ಇನ್ನೊಂದು ರೌಂಡ್ ಹೋಗೋಣ’ ಅಂದರು.